ಅವಳು ಮುಂದಕ್ಕೆ ತಳ್ಳಿದ ತಾರೀಕು

"ಯಾರ್ರೀ ಅದು, ನನ್ನ ಕೈ ಮೇಲೆ ಕಾಲಿಟ್ಟಿರೋದು!"

ಮೇಜಿನ ಕೆಳಗಿನಿಂದ ಬಂದ ಗಂಡು ದನಿಗೆ ಭಾಗ್ಯ ಚೀರಿ, ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ನಿಂತಳು.

ವೈರುಗಳ ಗೋಜಲಿನಿಂದ ಮೊದಲು ಒಂದು ತಲೆ ಹೊರಬಂತು. ಕೂದಲಿಗೆಲ್ಲ ಜೇಡರಬಲೆ. ಆಮೇಲೆ ಎರಡು ಕಣ್ಣು. ಆ ಕಣ್ಣುಗಳಲ್ಲಿ ಸಿಟ್ಟಿಗಿಂತ ನಗುವೇ ಹೆಚ್ಚಿತ್ತು.

"ನೀ... ನೀವ್ಯಾರು? ನನ್ನ ಟೇಬಲ್ ಕೆಳಗೆ ಏನ್ ಮಾಡ್ತಿದ್ರಿ?"

"ನಿದ್ದೆ ಮಾಡ್ತಿದ್ದೆ ಕಣ್ರೀ. ನಿಮ್ಮ ಸಾಹೇಬ್ರು ಗುಂಡ್ಲುಪೇಟೆಯಿಂದ ನನ್ನ ಕರೆಸಿರೋದೇ ಅದಕ್ಕೆ!"

ಅವನು ಶಿವಸ್ವಾಮಿ, ಕಂಪ್ಯೂಟರ್ ರಿಪೇರಿಯವನು. ಹದಿನೈದು ದಿನಕ್ಕೊಂದು ಮಂಗಳವಾರ ಗುಂಡ್ಲುಪೇಟೆಯಿಂದ ಬಸ್ಸು ಹತ್ತಿ ಬಂದು, ಚಾಮರಾಜನಗರದ ಏಳು ಇಂಜಿನಿಯರ್ ಆಫೀಸುಗಳ ಕಂಪ್ಯೂಟರುಗಳ ಯೋಗಕ್ಷೇಮ ನೋಡಿ ಹೋಗುತ್ತಿದ್ದ. ಆ ಏಳರಲ್ಲಿ ಸೋಮಶೇಖರ್ ಅವರದೂ ಒಂದು. ಮನೆ ಕಟ್ಟುವವರಿಗೆ ನಕ್ಷೆ ಬರೆದುಕೊಡುವ ಆಫೀಸು. ಕುದೇರಿನ ಭಾಗ್ಯ ಐಟಿಐ ಮುಗಿಸಿ ಅಲ್ಲಿ ಡ್ರಾಫ್ಟಿಂಗ್ ಕೆಲಸಕ್ಕೆ ಸೇರಿ ಇನ್ನೂ ಒಂದು ವಾರವಾಗಿತ್ತಷ್ಟೆ.

ಅಲ್ಲಿದ್ದದ್ದು ಮೂರು ಕಂಪ್ಯೂಟರ್. ನಕ್ಷೆ ಬರೆಯುವ ಕ್ಯಾಡ್ ಸಾಫ್ಟ್‌ವೇರಿನ ಲೈಸೆನ್ಸ್ ಇದ್ದದ್ದು ಮಾತ್ರ ಒಂದರಲ್ಲಿ, ಭಾಗ್ಯ ಕೂರುವ ದೊಡ್ಡ ಕಂಪ್ಯೂಟರಿನಲ್ಲಿ. ಉಳಿದೆರಡರಲ್ಲಿ ಕ್ಯಾಡ್ ತೆರೆಯಬೇಕಾದರೆ ಮೊದಲು ಇದನ್ನು ಕೇಳಬೇಕು, ಇದು ಹೂಂ ಅನ್ನಬೇಕು. ಆ ದಿನ ಬೆಳಗ್ಗೆಯಿಂದ ಹೂಂ ಅನ್ನುತ್ತಲೇ ಇರಲಿಲ್ಲ. 'ಲೈಸೆನ್ಸ್ ಸಿಗುತ್ತಿಲ್ಲ' ಎಂದು ಇಂಗ್ಲಿಷಿನಲ್ಲಿ ಎರಡು ಸಾಲು ಬಂದು ನಿಂತಿತ್ತು.

ಶಿವಸ್ವಾಮಿ ಕೈ ಎತ್ತಿ ತೋರಿಸಿದ. ಅವನ ಬೆರಳಲ್ಲಿ ಒಂದು ಮೊಬೈಲ್ ಚಾರ್ಜರ್ ನೇತಾಡುತ್ತಿತ್ತು. ಅದರ ಮೇಲೆ ಗುಲಾಬಿ ಹೂವಿನ ಸ್ಟಿಕ್ಕರ್.

"ಇದು ಯಾರ್ದು?"

ಅದು ಭಾಗ್ಯಳದು. ಬೆಳಗ್ಗೆ ಫೋನಿಗೆ ಚಾರ್ಜ್ ಇಲ್ಲವೆಂದು ಕೆಳಗಿದ್ದ ಯಾವುದೋ ಪ್ಲಗ್ ಕಿತ್ತು ಅದನ್ನು ಸಿಕ್ಕಿಸಿದ್ದಳು. ಕಿತ್ತದ್ದು ಮೂರು ಕಂಪ್ಯೂಟರನ್ನೂ ಜೋಡಿಸುವ ಪೆಟ್ಟಿಗೆಯ ಪ್ಲಗ್!

ಅಷ್ಟರಲ್ಲಿ ಸೋಮಶೇಖರ್ ಒಳಬಂದರು. "ಏನ್ಲಾ ಶಿವಸ್ವಾಮಿ, ಸಿಕ್ತಾ ಕಾಯಿಲೆ?"

'ಮುಗೀತು ನನ್ನ ಕೆಲಸ...' ಭಾಗ್ಯ ಕಣ್ಣು ಮುಚ್ಚಿಕೊಂಡಳು.

"ಸಿಕ್ತು ಸಾರ್. ಪ್ಲಗ್ ಕಿತ್ಕೊಂಡಿತ್ತು. ಇಲಿ ಓಡಾಡ್ತದೆ ಇಲ್ಲಿ."

ಚಾರ್ಜರ್ ಆಗಲೇ ಅವನ ಜೇಬಿನಲ್ಲಿ ಮಾಯವಾಗಿತ್ತು.

ಸೋಮಶೇಖರ್ ಅವತ್ತೇ ಒಂದು ಇಲಿ ಬೋನು ತರಿಸಿ ಮೂಲೆಯಲ್ಲಿಟ್ಟರು. ಹೊರಡುವ ಮುಂಚೆ ಶಿವಸ್ವಾಮಿ ಚಾರ್ಜರನ್ನು ಅವಳ ಮೇಜಿನ ಮೇಲಿಟ್ಟು ಪಿಸುಗುಟ್ಟಿದ. "ಬೋನಿಗೆ ಬೀಳ್ಬೇಡಿ ಇಲಿ ಮೇಡಂ."

ಅವಳಿಗೆ ನಗು ತಡೆಯಲಾಗಲಿಲ್ಲ.

ಅಲ್ಲಿಂದ ಮುಂದೆ ಮಂಗಳವಾರಗಳಿಗೆ ಬೇರೆಯದೇ ಬಣ್ಣ ಬಂತು. ಅವನು ಬರುವ ದಿನ ಭಾಗ್ಯ ಒಳ್ಳೆಯ ಚೂಡಿದಾರ ಹಾಕಿಕೊಂಡು ಬರುತ್ತಿದ್ದಳು. ಅವನು ಏಳು ಆಫೀಸಿನಲ್ಲಿ ಅವಳದನ್ನು ಕೊನೆಗಿಟ್ಟುಕೊಳ್ಳುತ್ತಿದ್ದ. ಟೀ ಕುಡಿಯುವ ನೆವದಲ್ಲಿ ಅರ್ಧ ಗಂಟೆ ಹೆಚ್ಚು ಸಿಗಲಿ ಎಂದು.

"ಒಂದು ಮಾತು ನೆನಪಿಟ್ಕಳಿ," ಎಂದು ಒಮ್ಮೆ ಹೇಳಿಕೊಟ್ಟಿದ್ದ. "ದೋಷ ಅಂತ ಏನಾದ್ರೂ ಬಂದ್ರೆ ಎಲ್ಲಾರೂ ಗಾಬರಿಬಿದ್ದು ಮುಚ್ಬುಡ್ತಾರೆ. ಮುಚ್ಬಾರ್ದು. ಓದ್ಬೇಕು. ತನಗೆ ಎಲ್ಲಿ ನೋಯ್ತದೆ ಅಂತ ಅದೇ ಹೇಳ್ತಾ ಇರ್ತದೆ."

ಆಷಾಢ ಹಿಡಿದಾಗ ಅವನು ಇನ್ನೊಂದು ಮಾತು ಹೇಳಿದ. ಮುಖ ಮಾತ್ರ ಟೀ ಲೋಟದೊಳಗೇ ಇತ್ತು.

"ಈ ತಿಂಗಳು ಕಳೀಲಿ ಅಂತ ಕಾಯ್ತಿದ್ದೀನಿ. ಶ್ರಾವಣದ ಮೊದಲನೇ ಸೋಮವಾರ ಅವ್ವನ್ನ ಮಾದಪ್ಪನ ಬೆಟ್ಟಕ್ಕೆ ಕರ್ಕೊಂಡು ಓಗ್ಬೇಕು. ಎರಡನೇ ಸೋಮವಾರ... ಆಗಸ್ಟ್ ನಾಲ್ಕು. ಅವತ್ತು ಅವ್ವನ್ನೂ ಕರ್ಕೊಂಡು ಕುದೇರಿಗೆ ಬರ್ಲಾ? ನಿಮ್ಮಮ್ಮನ್ನ ಮಾತಾಡ್ಸನ ಅಂತ."

ಭಾಗ್ಯ ಅವನ ಲೋಟ ಕಿತ್ತುಕೊಂಡು ಉಳಿದಿದ್ದ ಟೀಯನ್ನು ತಾನೇ ಕುಡಿದುಬಿಟ್ಟಳು! ಉತ್ತರ ಅವನಿಗೆ ಗೊತ್ತಾಯಿತು.

ಆ ಆಗಸ್ಟ್ ನಾಲ್ಕೇ ಎಲ್ಲವನ್ನೂ ಕೆಡಿಸಿತು.

ಅವತ್ತು ಜುಲೈ ಹದಿನೈದು, ಮಂಗಳವಾರ. ಶಿವಸ್ವಾಮಿ ಬಂದು ದೊಡ್ಡ ಕಂಪ್ಯೂಟರನ್ನು ಬಿಚ್ಚಿ, ಧೂಳು ಹೊಡೆದು, ಯಾವುದೋ ಹೊಸ ಬಿಡಿಭಾಗ ಹಾಕಿ ಹೋಗಿದ್ದ. ಸಂಜೆ ಐದಕ್ಕೆ ಅರಿಸಿನದ ವ್ಯಾಪಾರಿ ಮರಿಮಲ್ಲಪ್ಪನವರು ತಮ್ಮ ಹೊಸ ಮನೆಯ ನಕ್ಷೆ ತೆಗೆದುಕೊಂಡು ಹೋಗಲು ಬಂದರು. ಸೋಮಶೇಖರ್ ಸೈಟಿಗೆ ಹೋಗಿದ್ದರು.

ಮರಿಮಲ್ಲಪ್ಪನವರು ಕನ್ನಡಕ ಏರಿಸಿ ನಕ್ಷೆಯ ಮೂಲೆ ನೋಡಿದರು.

"ಏನವ್ವ ಇದು? ಜುಲೈ ಹದಿನೈದು ಅಂತ ಬಿದ್ಬುಟ್ಟದೆ?"

"ಇವತ್ತಿನ ತಾರೀಕು ಯಜಮಾನ್ರೆ."

"ಆಷಾಢದ ತಾರೀಕು ಹೊತ್ಕೊಂಡಿರ ನಕ್ಷೆಯ ದೇವ್ರ ಮುಂದೆ ಮಡಗಕಾದದ? ಮುನ್ಸಿಪಾಲ್ಟಿಗೆ ನಾನು ಕೊಡದೇ ಶ್ರಾವಣದಲ್ಲಿ. ಶ್ರಾವಣದ ಯಾವ್ದಾದ್ರೂ ಒಳ್ಳೆ ದಿನ ಹಾಕ್ಬುಡು ಕಣವ್ವ, ನಿಂಗೂ ಒಳ್ಳೇದಾಗ್ಲಿ."

ಆ ಮೂಲೆಯಲ್ಲಿ ತಾರೀಕು ತಾನಾಗಿಯೇ ಬೀಳುವಂತೆ ಸೋಮಶೇಖರ್ ಯಾವಾಗಲೋ ಮಾಡಿಟ್ಟಿದ್ದರು. ಅದನ್ನು ಬಿಡಿಸಿ ಬೇರೆ ಬರೆಯುವುದು ಭಾಗ್ಯಳಿಗೆ ಗೊತ್ತಿರಲಿಲ್ಲ. ಆದರೆ ಕಂಪ್ಯೂಟರಿನ ತಾರೀಕನ್ನೇ ಬದಲಿಸಿದರೆ? ಒಂದು ನಿಮಿಷದ ಕೆಲಸ!

ಪರದೆಯ ಕೆಳಮೂಲೆಯ ಗಡಿಯಾರದ ಮೇಲೆ ಒತ್ತಿದಳು. ಆಗಸ್ಟ್ ತೆಗೆದಳು. ಶ್ರಾವಣದ ಯಾವ ದಿನವಾದರೂ ಆಗುತ್ತಿತ್ತು. ಆದರೆ ಬೆರಳು ತಾನಾಗಿಯೇ ನಾಲ್ಕರ ಮೇಲೆ ಹೋಗಿ ನಿಂತಿತು.

'ನನ್ನ ಸೋಮವಾರ ಎಲ್ಲರಿಗಿಂತ ಮೊದಲು ಈ ಕಂಪ್ಯೂಟರಿಗೆ ಬಂತು...'

ಒಬ್ಬಳೇ ನಕ್ಕಳು. ಕ್ಯಾಡ್ ತೆರೆದಳು, ನಕ್ಷೆ ಉಳಿಸಿದಳು, ಪ್ರಿಂಟ್ ತೆಗೆದಳು. ಮರಿಮಲ್ಲಪ್ಪನವರು ಸುತ್ತಿದ ಕಾಗದವನ್ನು ಕಣ್ಣಿಗೊತ್ತಿಕೊಂಡು ಹೊರಟರು. ಭಾಗ್ಯ ತಾರೀಕನ್ನು ಮತ್ತೆ ಜುಲೈ ಹದಿನೈದಕ್ಕೆ ತಂದಿಟ್ಟು, ಬೀಗ ಹಾಕಿ, ಕುದೇರಿನ ಬಸ್ಸು ಹತ್ತಿದಳು.

ಮರುದಿನ ಬೆಳಗ್ಗೆ ಮೂರರಲ್ಲಿ ಒಂದು ಕಂಪ್ಯೂಟರಿನಲ್ಲೂ ಕ್ಯಾಡ್ ತೆರೆಯಲಿಲ್ಲ!

'ಲೈಸೆನ್ಸ್ ದೋಷ' ಎಂದು ದೊಡ್ಡದಾಗಿ ಬಂತು. ಕೆಳಗೆ ನಾಲ್ಕು ಸಾಲು ಇಂಗ್ಲಿಷ್. ಅದರ ನಡುವೆ ತಾರೀಕು ಎಂಬ ಪದ ಅವಳ ಕಣ್ಣಿಗೆ ಬಿತ್ತು. ಉಳಿದದ್ದನ್ನು ಓದಲಿಲ್ಲ. ಮುಚ್ಚಿಬಿಟ್ಟಳು.

ಕೆಡಬಾರದ ದಿನವೇ ಕೆಟ್ಟಿತ್ತು. ಗುಂಡ್ಲುಪೇಟೆ ಕಡೆಯ ಒಂದು ಸಮುದಾಯ ಭವನದ ನಕ್ಷೆಗಳನ್ನು ಅವತ್ತು ಸಂಜೆ ನಾಲ್ಕರೊಳಗೆ ಕೊಡಬೇಕಾಗಿತ್ತು. ಸೋಮಶೇಖರ್ ಒಂದು ವರ್ಷ ಅಲೆದು ಹಿಡಿದುಕೊಂಡ ಕೆಲಸ.

ಶಿವಸ್ವಾಮಿ ಸಿಕ್ಕಿದ ಬಸ್ಸು ಹತ್ತಿ ಬಂದ. ವೈರು ನೋಡಿದ. ಲೈಸೆನ್ಸ್ ಕೊಡುವ ಭಾಗವನ್ನು ನಿಲ್ಲಿಸಿ ಮತ್ತೆ ಶುರುಮಾಡಿದ. ತಾರೀಕು ನೋಡಿದ. ಸರಿಯಾಗಿಯೇ ಇತ್ತು, ಜುಲೈ ಹದಿನಾರು. ಆಮೇಲೆ ಕಂಪ್ಯೂಟರಿನ ಒಳಗೆಲ್ಲೋ ಹೋಗಿ ಫೈಲುಗಳ ಉದ್ದನೆಯ ಪಟ್ಟಿಯೊಂದನ್ನು ತೆಗೆದು ಬೆರಳಿಟ್ಟು ನೋಡುತ್ತ ಬಂದ.

ಒಂದು ಕಡೆ ಬೆರಳು ನಿಂತಿತು.

ಅವನು ತಿರುಗಿ ಭಾಗ್ಯಳನ್ನು ನೋಡಿದ. ತುಟಿಯ ಅಂಚಿನಲ್ಲಿ ಏನೋ ಇತ್ತು... ನಗುವೇ? ಅವಳಿಗೆ ದಿಟ್ಟಿಸುವ ಧೈರ್ಯವಾಗಲಿಲ್ಲ. ತಲೆ ತಗ್ಗಿಸಿದಳು.

ಅವನು ಆ ಪಟ್ಟಿಯನ್ನು ಮೆಲ್ಲಗೆ ಮುಚ್ಚಿದ.

"ಇದನ್ನ ಕಂಪನಿಯವ್ರೇ ಸರಿಮಾಡ್ಬೇಕು ಸಾರ್. ಇಲ್ಲ ಅಂದ್ರೆ... ಒಂದಷ್ಟು ದಿನಕ್ಕೆ ತಾನಾಗೇ ಸರಿಹೋಯ್ತದೆ."

"ತಾನಾಗೇ ಸರಿಹೋಗೋಕೆ ಇದೇನು ನೆಗಡೀನಾ?" ಸೋಮಶೇಖರ್ ಗುಡುಗಿದರು. "ಯಾವುದೋ ಕಳ್ಳ ಲೈಸೆನ್ಸ್ ತಂದು ಹಾಕಿದ್ದೀಯ ಅಂತ ಕಾಣುತ್ತೆ!"

"ಅಸಲಿ ಲೈಸೆನ್ಸೇ ಸಾರ್. ಕಾಗದ ನಿಮ್ಮ ಹತ್ರಾನೇ ಅವೆ."

"ಹಂಗಾದ್ರೆ ಈ ಆಫೀಸಿನವರೇ ಯಾರೋ ಮಾಡಿರ್ಬೇಕು. ಯಾರು ಅಂತ ನನಗೆ ಈಗಲೇ ಗೊತ್ತಾಗ್ಬೇಕು. ಅವರು ಇವತ್ತೇ ಈ ಮೆಟ್ಟಿಲು ಇಳಿದು ಹೋಗ್ತಾ ಇರ್ಲಿ! ಭಾಗ್ಯ, ನೀನೇನಾದ್ರೂ ಮುಟ್ಟಿದ್ಯಾ?"

ಏನೋ ಹೇಳಲು ಬಾಯಿ ತೆರೆದ ಶಿವಸ್ವಾಮಿ, ಅವಳು ತಲೆ ಎತ್ತಿದ್ದನ್ನು ಕಂಡು ತಡೆದುಕೊಂಡ.

ಭಾಗ್ಯಳ ಕಣ್ಣೆದುರು ಬಂದದ್ದು ತಾಯಿ ಚಿಕ್ಕನಿಂಗಮ್ಮ. ಶಾಲೆಯಲ್ಲಿ ಬಿಸಿಯೂಟ ಬೇಯಿಸಿ ಬೇಯಿಸಿ ಮಗಳನ್ನು ಐಟಿಐ ಓದಿಸಿದವಳು. ನನ್ನ ಮಗಳು ಆಫೀಸಲ್ಲಿ ಕುಂತ್ಕೊಂಡು ಮನೆ ಬರೀತಾಳೆ ಎಂದು ಇಡೀ ಬೀದಿಗೆ ಹೇಳಿಕೊಂಡು ತಿರುಗುತ್ತಿದ್ದವಳು...

"ನೆನ್ನೆ... ನೆನ್ನೆ ಅದನ್ನ ಇವರೇ ಮುಟ್ಟಿದ್ದು ಸಾರ್."

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹಿಂದಿನ ದಿನ ಅದನ್ನು ಬಿಚ್ಚಿ ಜೋಡಿಸಿದ್ದು ಅವನೇ. ಆದರೂ ಬಾಯಿಂದ ಹೊರಬಿದ್ದ ಗಳಿಗೆಯಲ್ಲೇ ಅದಕ್ಕಿಂತ ದೊಡ್ಡ ಸುಳ್ಳನ್ನು ತಾನು ಜನ್ಮದಲ್ಲಿ ಆಡಿಲ್ಲವೆಂದು ಅವಳಿಗೆ ಗೊತ್ತಾಯಿತು.

ಶಿವಸ್ವಾಮಿ ಅವಳನ್ನೇ ನೋಡಿದ. ತುಟಿಯ ಅಂಚಿನಲ್ಲಿದ್ದದ್ದು ಅಳಿಸಿಹೋಗಿತ್ತು.

"ಹೌದು ಸಾರ್," ಅಂದ. "ನೆನ್ನೆ ನಾನೇ ಮುಟ್ಟಿದ್ದು."

ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲು ಇಳಿದು ಹೋದ. 'ಅವನು ನನ್ನ ತಪ್ಪನ್ನು ಇಲಿಯ ಮೇಲೆ ಹಾಕಿದ. ನಾನು ನನ್ನ ತಪ್ಪನ್ನು ಅವನ ಮೇಲೆ ಹಾಕಿದೆ...' ಹೆಜ್ಜೆ ಸಪ್ಪಳ ನಿಲ್ಲುವವರೆಗೂ ಭಾಗ್ಯ ಅದನ್ನೇ ನೆನೆಯುತ್ತ ನಿಂತಿದ್ದಳು.

ಸಮುದಾಯ ಭವನದ ಕೆಲಸ ಕೈತಪ್ಪಿತು. ಅದೇ ಸಿಟ್ಟಿನಲ್ಲಿ ಸೋಮಶೇಖರ್ ಊರಿನ ಇಂಜಿನಿಯರುಗಳ ವಾಟ್ಸಾಪ್ ಗುಂಪಿನಲ್ಲಿ ಬರೆದುಹಾಕಿದರು: 'ಗುಂಡ್ಲುಪೇಟೆ ಶಿವಸ್ವಾಮಿಯನ್ನು ಯಾರೂ ಕರೆಸಬೇಡಿ. ನಂಬಿಕೆಗೆ ತಕ್ಕವನಲ್ಲ.' ಒಂದೇ ವಾರದಲ್ಲಿ ಏಳು ಆಫೀಸಿನ ಬಾಗಿಲೂ ಅವನಿಗೆ ಮುಚ್ಚಿದವು.

ಸಾಫ್ಟ್‌ವೇರ್ ಕಂಪನಿಯವರು ಆ ಕಾಗದ ಕಳಿಸಿ, ಈ ಕಾಗದ ಕಳಿಸಿ ಎಂದು ದಿನ ತಳ್ಳಿದರು. ಅಷ್ಟು ದಿನವೂ ಭಾಗ್ಯ ಸೋಮಶೇಖರ್ ಅವರ ಗೆಳೆಯರ ಆಫೀಸಿನ ಮೂಲೆಯೊಂದರಲ್ಲಿ ಕೂತು ನಕ್ಷೆ ಬರೆದಳು. ಹೇಳಬೇಕು ಎಂದು ದಿನವೂ ಅಂದುಕೊಂಡಳು. ದಿನವೂ ಸಂಜೆಯಾಯಿತು.

ಶಿವಸ್ವಾಮಿಗೆ ಮೆಸೇಜ್ ಬರೆಯುವಳು, ಅಳಿಸುವಳು. 'ಕ್ಷಮಿಸಿ' ಎನ್ನುವ ಮೂರಕ್ಷರ ಅವನು ಕಳೆದುಕೊಂಡದ್ದರ ಮುಂದೆ ತೀರಾ ಅಗ್ಗವಾಗಿ ಕಾಣುತ್ತಿತ್ತು. ಅವನ ಕಡೆಯಿಂದಲೂ ಒಂದು ಫೋನಿಲ್ಲ. ಮಂಗಳವಾರ ಬಂತು, ಹೋಯಿತು. ಮೂಲೆಯ ಇಲಿ ಬೋನಿನಲ್ಲಿ ಧೂಳು ಕೂತಿತು.

ಮನೆಯಲ್ಲಿ ಚಿಕ್ಕನಿಂಗಮ್ಮನ ಕಣ್ಣು ಮಾತ್ರ ಎಲ್ಲವನ್ನೂ ಅಳೆಯುತ್ತಿತ್ತು.

"ಯಾಕ್ ಕೂಸೆ, ಮುದ್ದೆಯ ಹಂಗೇ ತಿರುಗುಸ್ತಾ ಕುಂತಿದ್ದಯಲ್ಲ? ಸಾರಲ್ಲಿ ಉಪ್ಪು ಕಮ್ಮಿಯಾಯ್ತಾ?"

"ಇಲ್ಲ ಕಣವ್ವ, ಚೆನ್ನಾಗದೆ."

"ಚೆನ್ನಾಗಿದ್ರೆ ವಳಿಕೆ ಓಗ್ಬೇಕಾಗಿತ್ತಲ್ಲ!"

ಆಗಸ್ಟ್ ನಾಲ್ಕರ ಬೆಳಗ್ಗೆ ಭಾಗ್ಯ ಎದ್ದಾಗ ಮನೆ ಗುಡಿಸಿ ಸಾರಿಸಿ ಆಗಿತ್ತು. ಬಾಗಿಲಿಗೆ ರಂಗೋಲಿ ಬಿದ್ದಿತ್ತು. ಒಲೆಯ ಮೇಲೆ ಶ್ಯಾವಿಗೆ ಪಾಯಸ ಕುದಿಯುತ್ತಿತ್ತು.

"ಇದೇನವ್ವ?"

"ಇವತ್ತೇ ತಾನೆ ಗುಂಡ್ಲುಪೇಟೆಯವ್ರು ಬತ್ತೀವಿ ಅಂದಿದ್ದು? ಅವತ್ತು ಒಂದ್ಸಲ ಏಳ್ದೋಳು ಆಮೇಲೆ ನೀನು ಬಾಯೇ ಬುಡ್ನಿಲ್ಲ. ನಾನೇ ನೆನಪು ಮಡಗಿದ್ದೆ ಕಣ. ಹೆಣ್ಣೆತ್ತೋಳು ಮರೆತಾಳಾ?"

ಆಫೀಸಿನಲ್ಲಿ ಆದದ್ದನ್ನು ಭಾಗ್ಯ ತಾಯಿಗೂ ಹೇಳಿರಲಿಲ್ಲ. "ಅವ್ವ... ಅವ್ರು ಬರಾಕಿಲ್ಲ."

"ಯಾಕೆ?"

ಉತ್ತರ ಹೇಳದೆ ಬ್ಯಾಗು ಹಿಡಿದು ಓಡಿಬಿಟ್ಟಳು.

ಆ ಸೋಮವಾರ ಸೋಮಶೇಖರ್ ಅವರ ಆಫೀಸಿಗೇ ಹೋಗಿ ಬೀಗ ತೆಗೆದಳು. ಕಸ ಗುಡಿಸಿ, ಅಭ್ಯಾಸಬಲದಿಂದ ದೊಡ್ಡ ಕಂಪ್ಯೂಟರಿನ ಗುಂಡಿ ಒತ್ತಿದಳು. ಇನ್ನೇನು ಆ ದೋಷದ ಸಾಲು ಬರುತ್ತದೆ ಎಂದು ನೋಡುತ್ತಿದ್ದಾಗ...

ಕ್ಯಾಡ್ ತೆರೆದುಕೊಂಡಿತು!

ಯಾರೂ ಮುಟ್ಟಿರಲಿಲ್ಲ. ಕಂಪನಿಯವರು ಏನೂ ಮಾಡಿರಲಿಲ್ಲ. ಪಕ್ಕದ ಎರಡರಲ್ಲೂ ತೆರೆದು ನೋಡಿದಳು. ಅಲ್ಲೂ ಬಂತು.

ಭಾಗ್ಯ ಪರದೆಯ ಮೂಲೆ ನೋಡಿದಳು. ಆಗಸ್ಟ್ ನಾಲ್ಕು.

ಆಗ ಅರ್ಥವಾಯಿತು. ಅವಳು ಮುಂದಕ್ಕೆ ತಳ್ಳಿ ಹಿಂದಕ್ಕೆ ಎಳೆದ ತಾರೀಕನ್ನು ಆ ಲೈಸೆನ್ಸ್ ಮರೆತಿರಲಿಲ್ಲ. ಒಮ್ಮೆ ಕಂಡ ದಿನ ಮತ್ತೆ ಬರುವವರೆಗೂ ಯಾರನ್ನೂ ನಂಬುವುದಿಲ್ಲ ಎಂದು ಮುಷ್ಕರ ಹೂಡಿ ಕೂತಿತ್ತು. ಇಪ್ಪತ್ತು ದಿನ. ಇವತ್ತು ಆ ದಿನ ಬಂತು, ಎದ್ದಿತು. ತಾನಾಗೇ ಸರಿಹೋಯ್ತದೆ ಎಂದು ಶಿವಸ್ವಾಮಿ ಹೇಳಿದ್ದು ಇದನ್ನೇ!

ಬರುತ್ತೇನೆಂದ ದಿನಕ್ಕೆ ಸರಿಯಾಗಿ ಕಂಪ್ಯೂಟರು ಬಂದಿತ್ತು. ಬರುತ್ತೇನೆಂದವನು ಬರುವಂತಿರಲಿಲ್ಲ...

ಮೇಜಿನ ಮೇಲೆ ತಲೆಯಿಟ್ಟು ಮನಸ್ಸು ತಣಿಯುವಷ್ಟು ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಸೋಮಶೇಖರ್ ಬರುವುದನ್ನು ಕಾದು ಕೂತಳು.

"ಸಾರ್, ಅವತ್ತು ಕೆಡಿಸಿದ್ದು ಶಿವಸ್ವಾಮಿ ಅಲ್ಲ. ನಾನು."

ಒಂದನ್ನೂ ಬಿಡದೆ ಹೇಳಿದಳು. ಮರಿಮಲ್ಲಪ್ಪನವರು ಕೇಳಿದ್ದು, ತಾರೀಕು ಬದಲಿಸಿದ್ದು, ದೋಷದ ಸಾಲನ್ನು ಓದದೆ ಮುಚ್ಚಿದ್ದು, ಆಮೇಲೆ ಆಡಿದ ಆ ಒಂದು ಮಾತು.

ಸೋಮಶೇಖರ್ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು.

"ಇಪ್ಪತ್ತು ದಿನ ಬೇಕಾಯ್ತಾ ಕಣಮ್ಮಿ ಇದನ್ನ ಹೇಳೋಕೆ?"

"ಹೌದು ಸಾರ್... ಮೆಟ್ಟಿಲು ಇಳಿದು ಹೋಗ್ತೀನಿ. ಅದಕ್ಕೂ ಮೊದಲು ಒಂದು ಕೆಲಸ. ಆ ಗುಂಪಿನಲ್ಲಿ ನಾನೇ ಬರೀಬೇಕು."

ಅವರು ಅವಳ ಮುಖವನ್ನೇ ನೋಡಿ, ಫೋನು ತೆಗೆದು ಮುಂದಕ್ಕೆ ತಳ್ಳಿದರು. ಭಾಗ್ಯ ಬರೆದಳು: 'ಸೋಮಶೇಖರ್ ಸಾರ್ ಆಫೀಸಿನ ಲೈಸೆನ್ಸ್ ಕೆಟ್ಟದ್ದು ಶಿವಸ್ವಾಮಿ ಅವರಿಂದ ಅಲ್ಲ. ತಾರೀಕು ಬದಲಿಸಿ ಕೆಡಿಸಿದ್ದು ನಾನು. ತಪ್ಪನ್ನು ಅವರ ಮೇಲೆ ಹಾಕಿದ್ದೂ ನಾನೇ. ಇಂತಿ, ಕುದೇರಿನ ಭಾಗ್ಯ.'

"ಒಂದು ವಾರ ನನ್ನ ಕಣ್ಣಿಗೆ ಬೀಳ್ಬೇಡ," ಅಂದರು ಸೋಮಶೇಖರ್. "ನನ್ನ ಕೋಪ ಇಳೀಲಿ. ಆಮೇಲೆ ಬಾ."

ಅವಳು ಕೈಮುಗಿದು ಹೊರಬಿದ್ದಳು. ಕಾಲು ಮಾತ್ರ ಕುದೇರಿನ ಬಸ್ಸಿನ ಕಡೆ ಹೋಗಲಿಲ್ಲ, ಗುಂಡ್ಲುಪೇಟೆಯ ಬಸ್ಸಿನ ಕಡೆ ಹೋಯಿತು.

ತೆರಕಣಾಂಬಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಚೆಂಡುಹೂವಿನ ಹೊಲ. ಕಾರು ನಿಲ್ಲಿಸಿಕೊಂಡು ಕೇರಳದವರು ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಭಾಗ್ಯಳಿಗೆ ಆ ಹಳದಿ ಕಣ್ಣಿಗೆ ಚುಚ್ಚುವಂತಿತ್ತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತು ಗುಂಡ್ಲುಪೇಟೆಯಲ್ಲಿ ಇಳಿಯುವಷ್ಟರಲ್ಲಿ ಚದುರಿಹೋಗಿತ್ತು.

ಬಸ್ ನಿಲ್ದಾಣದ ಹಿಂದೆ ಅವನ ಅಂಗಡಿ. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು, ಅಷ್ಟಗಲ. ಶಿವಸ್ವಾಮಿ ಕೇರಳದ ಗಿರಾಕಿಯೊಬ್ಬರಿಗೆ ಮಲಯಾಳದಲ್ಲೇ ನಾಲ್ಕು ಮಾತಾಡಿ ಫೋನಿನ ವೈರು ಕೊಟ್ಟು ಕಳಿಸಿದ. ತಲೆ ಎತ್ತಿದ. ಅವಳನ್ನು ಕಂಡ.

"ಬನ್ನಿ ಮೇಡಂ. ಏನಾಗ್ಬೇಕಾಗಿತ್ತು?"

'ಮೇಡಂ'! ಇಲಿ ಇಲ್ಲದ ಬರಿಯ ಮೇಡಂ. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

"ತಾರೀಕು ಬದಲಾಯಿಸಿದ್ದು ನಾನು."

ಅವನು ಎದುರಿಗಿದ್ದ ಪ್ರಿಂಟರಿನ ಸ್ಕ್ರೂ ತಿರುಗಿಸತೊಡಗಿದ. "ಗೊತ್ತು."

"ಗೊ... ಗೊತ್ತಾ?"

"ಅವತ್ತು ಫೈಲುಗಳ ಪಟ್ಟಿ ನೋಡ್ತಿದ್ನಲ್ಲ. ಎಲ್ಲವೂ ಜುಲೈ ತಿಂಗಳವು. ಒಂದು ಫೈಲಿನ ಮೇಲೆ ಮಾತ್ರ ಆಗಸ್ಟ್ ನಾಲ್ಕು ಅಂತಿತ್ತು. ಇನ್ನೂ ಬರದೇ ಇರೋ ದಿನ. ಆ ಆಫೀಸಲ್ಲಿ ಆ ತಾರೀಕ್ನ ನೀವಲ್ದೆ ಇನ್ಯಾರು ಹಾಕಾರು?"

ಭಾಗ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಕಂಪ್ಯೂಟ್ರುಗೆ ಅದನ್ನ ಕಂಡು ಗಾಬರಿ. ನನಗೆ ಖುಷಿ ಕಣ್ರೀ!" ಅವನ ದನಿ ಒಡೆಯಿತು. "ನಮ್ಮ ಸೋಮವಾರಕ್ಕೆ ನನಗಿಂತ ಅವಸರ ಪಡೋರು ಒಬ್ರು ಅವ್ರೆ ಅಂತ. ಏನಾದ್ರೂ ನೆವ ಹೇಳ್ಬುಟ್ಟು ಇಲೀನ ಇನ್ನೊಂದ್ಸಲ ಕಾಪಾಡ್ಬುಡನ ಅಂತ ಬಾಯ್ ತೆರೆದೆ. ಅಷ್ಟರಲ್ಲಿ ನೀವು ತಲೆ ಎತ್ತುದ್ರಿ. ಇವ್ರೇ ಹೇಳ್ತಾರೆ ಅಂತ ಸುಮ್ಮನಾದೆ. ನೀವು... ನನ್ನ ಕಡೆ ಬೆಟ್ಟು ಮಾಡ್ಬುಟ್ರಿ."

"ನನಗೆ ಭಯ ಆಯ್ತು..."

"ಭಯ ಯಾರಿಗಾಗಲ್ಲ ಹೇಳಿ? ಕೆಲಸ ಓಯ್ತು ಅಂತಲ್ಲ ನನ್ನ ಸಂಕಟ. ಏಳು ಆಫೀಸು ಓದ್ರೆ ಇನ್ನೆರಡು ಸಿಕ್ತವೆ. ನಾಳೆ ನಾವು ಒಂದು ಮನೆ ಮಾಡ್ಕೊಂಡು, ಒಲೆ ಮೇಲೆ ಹಾಲು ಉಕ್ಕೋಯ್ತು ಅನ್ನಿ. ಆಗ್ಲೂ 'ಇವರೇ ಮುಟ್ಟಿದ್ದು' ಅಂದ್ಬುಟ್ರೆ ನಾನು ಯಾರ ಹತ್ರ ಓಗ್ಲಿ?"

ಕಣ್ಣೀರು ತೋರಿಸಿ ಗೆಲ್ಲುವುದು ಅವಳಿಗೆ ಬೇಡವೆನಿಸಿತು. ಸೆರಗಿನಂತೆ ದುಪಟ್ಟಾ ಬಿಗಿದುಕೊಂಡಳು.

"ನೀವು ಹೇಳಿದ್ದು ಸರಿ. ಕ್ಷಮಿಸಿ ಅಂತ ಕೇಳೋಕೆ ನಾನು ಬಂದಿಲ್ಲ. ನಿಮ್ಮ ಮುಖ ನೋಡ್ಕೊಂಡು ಹೇಳ್ಬೇಕಾಗಿತ್ತು, ಹೇಳ್ದೆ. ಬರ್ತೀನಿ."

ತಿರುಗಿ ನಡೆದಳು. ಬಸ್ ನಿಲ್ದಾಣ ನೂರು ಹೆಜ್ಜೆ. ಅಷ್ಟು ನಡೆಯುವುದೇ ದೊಡ್ಡದಾಗಿತ್ತು.

ಅಂಗಡಿಯಲ್ಲಿ ಶಿವಸ್ವಾಮಿಯ ಫೋನು ಬಡಿದುಕೊಂಡಿತು. ಚಾಮರಾಜನಗರದ ಇಂಜಿನಿಯರ್ ಶಿವಮಲ್ಲಪ್ಪನವರು. ಅವರ ದನಿ ಫೋನಿಲ್ಲದೆಯೂ ಗುಂಡ್ಲುಪೇಟೆಗೆ ಕೇಳಿಸುವಂಥದ್ದು.

"ಏನ್ಲಾ ಶಿವಸ್ವಾಮಿ, ನಾಳೆ ಬರ್ತೀಯೇನ್ಲಾ ನಮ್ಮಾಪೀಸ್ಗೆ? ಪ್ರಿಂಟರ್ ಕೆಟ್ಟು ಕುಂತದೆ. ಆ ಸೋಮಶೇಖರನ ಮಾತು ಕಟ್ಕೊಂಡು ನಿನ್ನ ಬುಟ್ಬುಟ್ಟಿದ್ದೊ, ಬೇಜಾರು ಮಾಡ್ಕಬೇಡ ಕಣ್ಲಾ. ಅವ್ರ ಆಫೀಸ್ ಹುಡುಗಿ ಬೆಳಗ್ಗೇನೇ ಗುಂಪ್ನಲ್ಲಿ ಬರ್ದವ್ಳಲ್ಲ, ಕೆಡಿಸಿದ್ದು ನಾನೇ ಅಂತ, ಊರ ಹೆಸರು ಸಮೇತ! ಏನ್ ಎದೆಗಾರಿಕೆಲಾ ಅದು..."

ಶಿವಸ್ವಾಮಿ ಪೂರ್ತಿ ಕೇಳಲಿಲ್ಲ. ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದೇ ಓಡಿದ.

"ನಿಂತ್ಕೊಳ್ರೀ!"

ಭಾಗ್ಯ ಚಾಮರಾಜನಗರದ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟಿದ್ದಳು. ಹಿಂದಕ್ಕೆ ಇಳಿದಳು.

"ಅಲ್ಲಿ ಎಲ್ಲಾರ್ಗೂ ಹೇಳ್ಬುಟ್ಟು ಇಲ್ಲಿಗೆ ಬಂದ್ರಾ?" ಅವನು ಏದುಸಿರು ಬಿಡುತ್ತ ಕೇಳಿದ.

"ಕೆಡಿಸಿದ್ದು ಅಲ್ಲಿ. ಮೊದಲು ಅಲ್ಲೇ ಸರಿ ಮಾಡ್ಬೇಕಾಗಿತ್ತು."

"ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ... ಅದನ್ನ ತೋರಿಸಿ ನಿಮ್ಮನ್ನ ವಾಪಸ್ ಕೇಳ್ದಂಗೆ ಆಗ್ತಿತ್ತು."

ಕಂಡಕ್ಟರ್ ಸಿಳ್ಳೆ ಹಾಕಿದ. ಬಸ್ಸು ಅವಳನ್ನು ಬಿಟ್ಟು ಹೊರಟೇ ಹೋಯಿತು.

"ಕೆಲಸ? ತೆಗೆದ್ಬುಟ್ರಾ?"

"ಒಂದು ವಾರ ಕಣ್ಣಿಗೆ ಬೀಳ್ಬೇಡ ಅಂದವ್ರೆ."

"ಹಂಗಾದ್ರೆ ಇಲಿಗೆ ಒಂದು ವಾರ ಬೋನು ಅನ್ನಿ."

ಇಲಿ...! ಅಂಗಡಿಯಲ್ಲಿ ತಡೆದಿಟ್ಟ ಕಣ್ಣೀರೆಲ್ಲ ಆ ಒಂದು ಮಾತಿಗೆ ಒಡೆದು ಹರಿಯಿತು. ಬಸ್ ನಿಲ್ದಾಣದ ಜನ ತಿರುಗಿ ನೋಡಿದರು. ಅವನು ಗಾಬರಿಯಿಂದ ಕರವಸ್ತ್ರ ಹುಡುಕಿದ. ಸಿಕ್ಕಿದ್ದು ಪ್ರಿಂಟರಿನ ಮಸಿ ಒರೆಸುವ ಬಟ್ಟೆ. ನಾಚಿಕೆಯಿಂದ ಮತ್ತೆ ಜೇಬಿಗೆ ತುರುಕಿದ.

"ಸಿಟ್ಟು ಪೂರ್ತಿ ಹೋಗಿಲ್ಲ ಕಣ್ರೀ," ಅಂದ. "ಸುಳ್ಳು ಯಾಕೆ ಹೇಳ್ಲಿ?"

"ಇರ್ಲಿ. ಹೋಗೋವರ್ಗೂ ನಾನು ಕಾಯ್ತೀನಿ."

"ಕಾಯಕ್ಕೆ ಟೈಮ್ ಎಲ್ಲದೆ? ಅಲ್ಲಿ ಅವ್ವ ಬೆಳಗ್ಗೆಯಿಂದ ಹೊಸ ಸೀರೆ ಉಟ್ಕೊಂಡು ಕುಂತವ್ಳೆ. ಯಾಕ್ಲಾ ಹೊರಡ್ನಿಲ್ಲ, ಮಾತು ಕೊಟ್ಟು ತಪ್ತಾರೇನ್ಲಾ ಅಂತ ನನಗೆ ಬೈತಾವ್ಳೆ. ಅವ್ಳಿಗೆ ನಾನೂ ಏನೂ ಹೇಳಿಲ್ಲ."

ಭಾಗ್ಯ ಕಣ್ಣೊರೆಸಿಕೊಂಡು ತಲೆ ಎತ್ತಿದಳು. "ನಮ್ಮವ್ವ ಪಾಯಸ ಮಾಡವ್ಳೆ..."

"ಮತ್ತೆ? ಇವತ್ತು ಆಗಸ್ಟ್ ನಾಲ್ಕು ತಾನೆ?"

ಅವಳು ಫೋನು ತೆಗೆದು ಅವನ ಮುಖದ ಮುಂದೆ ಹಿಡಿದಳು. ಶಿವಸ್ವಾಮಿ ಹುಬ್ಬು ಗಂಟಿಕ್ಕಿ, ರಿಪೇರಿಗೆ ಬಂದ ವಸ್ತುವನ್ನು ನೋಡುವಂತೆ ಅದನ್ನು ನೋಡಿದ.

"ಅಸಲಿ ತಾರೀಕೇನಾ ಇದು? ಯಾರಾದ್ರೂ ಮುಟ್ಟವ್ರಾ?"

"ಯಾರೂ ಮುಟ್ಟಿಲ್ಲ," ಅಂದಳು ಭಾಗ್ಯ. ಅವನ ಕಣ್ಣಿಂದ ಈ ಸಲ ಕಣ್ಣು ತೆಗೆಯಲಿಲ್ಲ. "ಮುಟ್ಟಿದ್ರೆ ನಾನೇ ಹೇಳ್ತೀನಿ."